ಕನ್ನಡ ಅಕ್ಷರದ ಇಂಗ್ಲಿಷ್ ನೋಟ್ಸು

ಬೆಳಿಗ್ಗೆ ಮೊಮ್ಮಗಳಿಂದ ಫೋನಿಗೆ ಒಂದು ಸಂದೇಶ ಬಂತು. 'ತಾತ, ತಿಂಡಿ ಆಯ್ತಾ' ಅನ್ನುವ ಅಪ್ಪಟ ಕನ್ನಡ, ಆದರೆ ಅಕ್ಷರವೆಲ್ಲ ಇಂಗ್ಲಿಷಿನದು. ಕನ್ನಡಕ ಸರಿಮಾಡಿಕೊಂಡು ಬೈಯುವುದಕ್ಕೆ ಸಿದ್ಧನಾದೆ. ಅಷ್ಟರಲ್ಲಿ ನನ್ನ ಪಿಯುಸಿ ನೆನಪಾಗಿ ಬಾಯಿ ಮುಚ್ಚಿಕೊಂಡೆ. ನೀವು ನಗುವುದಾದರೆ ನಗಿ, ನಾನು ಇದನ್ನೇ ತಿರುವುಮುರುವಾಗಿ ಮಾಡಿದವನು.

ಅರವತ್ತರ ದಶಕದ ಕೊನೆ. ಕನ್ನಡದಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಬೂದಿಗೆರೆಯಿಂದ ಬಸ್ಸು ಹಿಡಿದು ಬೆಂಗಳೂರಿನ ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲಿ ಮೇಷ್ಟರು ಬಾಗಿಲು ದಾಟಿದ್ದೇ ಇಂಗ್ಲಿಷ್ ಶುರು, ಗಂಟೆ ಹೊಡೆದ ಮೇಲೇ ನಿಲುಗಡೆ. ನಾನು ಒಂದು ಸ್ಪೆಲ್ಲಿಂಗ್ ಯೋಚಿಸುವಷ್ಟರಲ್ಲಿ ಅವರು ನಾಲ್ಕು ವಾಕ್ಯ ಮುಂದೆ ಹೋಗಿರುತ್ತಿದ್ದರು. ಅದಕ್ಕೇ ಕಿವಿಗೆ ಬಿದ್ದದ್ದನ್ನೆಲ್ಲ ಕನ್ನಡ ಅಕ್ಷರದಲ್ಲೇ ಗೀಚಿಕೊಳ್ಳುತ್ತಿದ್ದೆ. ಬಹಳ ಬುದ್ಧಿವಂತ ಅಂದುಕೊಂಡಿದ್ದೆ. ಮನೆಗೆ ಬಂದು ತೆರೆದರೆ ಓದಲು ಬರುತ್ತಿತ್ತು, ಏನೊಂದೂ ಅರ್ಥವಾಗುತ್ತಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನ್ನ ಜೀವಶಾಸ್ತ್ರದ ಉತ್ತರಪತ್ರಿಕೆ ಹೆಚ್ಚು ಕಡಿಮೆ ಖಾಲಿಯಾಗಿಯೇ ಇತ್ತು. ಅಪ್ಪ ಬೈಯಲಿಲ್ಲ. "ಆಗ್ದಿದ್ರೆ ಬಿಟ್ಬುಡ್ಲಾ, ರಾಗಿ ಹೊಲ ಎಲ್ಲೂ ಓಡೋಗಲ್ಲ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಸಮಾಧಾನದ ಮಾತಿಗೆ ಹೆದರಿಹೋದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ, ಇಳಿದು ಬರಲು ನನಗೆ ಇಷ್ಟವಿರಲಿಲ್ಲ.

ಪಕ್ಕದ ಮನೆಯ ಮುನಿಯಕ್ಕ ಕಂಟೋನ್ಮೆಂಟಿನ ಒಂದು ಬಂಗಲೆಯಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದು, ಅಲ್ಲಿನ ದೊರೆಸಾನಿ ಇಂಗ್ಲೆಂಡಿಗೆ ಹಡಗು ಹತ್ತಿದ ಮೇಲೆ ಊರಿಗೆ ಬಂದವರು. ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಇಂಗ್ಲಿಷ್ ಮಾತು ಚೆನ್ನಾಗಿ ತಿಳಿಯುತ್ತಿತ್ತು, ಆಡುತ್ತಲೂ ಇದ್ದರು, ಅದರ ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ. ಒಂದು ಸಂಜೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದವರು, ನಾನು ಉರು ಹೊಡೆಯುತ್ತಿದ್ದುದನ್ನು ಕೇಳಿ ನೋಟ್‌ಬುಕ್ಕಿಗೆ ಕೈಚಾಚಿದರು.

"ಎಲ್ಲಿ, ಈಚೆ ಕೊಡು. ಅಯ್ಯೋ, ಇದು ನಂಗೂ ಓದಕ್ಕೆ ಬತ್ತದಲ್ಲಪ್ಪಾ!"

ಅವರೆಕಾಯಿ ಮೊರ ಪಕ್ಕಕ್ಕೆ ಸರಿಯಿತು. 'ದಿ ಹಾರ್ಟ್ ಹ್ಯಾಸ್ ಫೋರ್ ಚೇಂಬರ್ಸ್' ಎಂದು ಬೆರಳಿಟ್ಟು ಓದಿದರು.

"ಗುಂಡಿಗೇಲಿ ನಾಕು ರೂಮವೆ ಅಂತವ್ರೆ ನಿಮ್ಮೇಷ್ಟ್ರು. ಇಷ್ಟಕ್ಕೆ ಮಕ ಯಾಕಂಗೆ ಊದುಸ್ಕಂಡಿದ್ದೀಯ?"

ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ಅವರು ಓದಿ ಅರ್ಥ ಹೇಳುವುದು, ನಾನು ಡಿಕ್ಷನರಿ ತಡಕಾಡಿ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. 'ವೆಂಟ್ರಿಕಲ್' ಬಂದಾಗ ಮಾತ್ರ ಪುಸ್ತಕವನ್ನು ನನ್ನ ಕಡೆ ತಳ್ಳಿದರು.

"ಇದು ನಮ್ಮ ದೊರೆಸಾನಿ ಆಡ್ತಿದ್ದ ಮಾತಲ್ಲ. ಎದ್ದು ನಿಂತು ಮೇಷ್ಟ್ರುನ್ನೇ ಕೇಳು. ನಾಚ್ಕಂಡು ಕೂತ್ರೆ ಯಾರಪ್ಪ ಹೇಳ್ಕೊಡ್ತಾರೆ?"

ಮಾರನೆಯ ದಿನ ಮೊದಲ ಬಾರಿಗೆ ಕ್ಲಾಸಿನಲ್ಲಿ ಎದ್ದು ನಿಂತೆ. ವೆಂಟ್ರಿಕಲ್ ಅಂದರೇನು ಎಂದು ಕೇಳಿದೆ. ಮೇಷ್ಟರು ಸಂತೋಷವಾಗಿಯೇ ಬೋರ್ಡಿನ ಮೇಲೆ ಗುಂಡಿಗೆಯ ಚಿತ್ರ ಬರೆದು ಕೆಳಗಿನ ಎರಡು ಕೋಣೆ ತೋರಿಸಿದರು.

ಶಿವರಾತ್ರಿಯ ಹೊತ್ತಿಗೆ ಕ್ಲಾಸಿನಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದು ರೂಢಿಯಾಯಿತು. ಜಂಬದಿಂದ ನೋಟ್ಸನ್ನು ಮುನಿಯಕ್ಕನ ಮುಂದೆ ಹಿಡಿದೆ. ಎರಡು ಪುಟ ತಿರುವಿ, ಮುಚ್ಚಿ, ವಾಪಸು ಕೊಟ್ಟರು.

"ಇನ್ನ ಇದು ನಂಗೆ ಓದಕ್ಕಾಗಲ್ಲ ಬುಡಪ್ಪಾ. ಒಳ್ಳೇದೇ ಆಯ್ತು."

ಅವರಿಗೆ ಎ ಬಿ ಸಿ ಡಿ ಕಲಿಸಬಹುದಿತ್ತು ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ಅದು ಈಗಲೂ ಚುಚ್ಚುತ್ತದೆ.

ಪಾಸಾದೆ. ಬಿಎಸ್ಸಿಗೆ ಸೇರಿ ಹಾಸ್ಟೆಲಿಗೆ ಹೋದ ವಾರವೇ ಮುನಿಯಕ್ಕನಿಗೆ ಒಂದು ಕಾಗದ ಬರೆದೆ. ಭಾಷೆ ಇಂಗ್ಲಿಷು, ಅಕ್ಷರ ಕನ್ನಡ. ಇಪ್ಪತ್ತು ವರ್ಷ ದೊರೆಸಾನಿಯ ಟಪಾಲು ಎತ್ತಿಕೊಟ್ಟವರಿಗೆ ಇಂಗ್ಲಿಷಿನಲ್ಲಿ ಬಂದ ಮೊದಲ ಕಾಗದ ಅದು. ಬೀದಿಯವರನ್ನೆಲ್ಲ ಕೂರಿಸಿಕೊಂಡು ಓದಿ, ಅರ್ಥವನ್ನೂ ಹೇಳಿದರಂತೆ.

ಇವತ್ತು ಮೊಮ್ಮಗಳಿಗೆ ಬೈಯಲಿಲ್ಲ. ತಿಂಡಿ ಆಯ್ತು ಎಂದು ಅವಳ ಅಕ್ಷರದಲ್ಲೇ ಒತ್ತಿ ಕಳಿಸಿ, ಮುನಿಯಕ್ಕನನ್ನು ನೆನೆದು ಕೂತಲ್ಲೇ ಕೈಮುಗಿದೆ. ಆಮೇಲೆ ಎಷ್ಟೋ ಇಂಗ್ಲಿಷ್ ಓದಿದ್ದೇನೆ, ಮರೆತೂ ಇದ್ದೇನೆ. ಅವರು ಹಾಸ್ಟೆಲಿಗೆ ಬರೆದ ಉತ್ತರ ಮಾತ್ರ ಮರೆತಿಲ್ಲ. ಕಾರ್ಡಿನ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಎರಡೇ ಸಾಲು: 'ಐ ರೆಡ್ ಯುವರ್ ಲೆಟರ್ ಮೈಸೆಲ್ಫ್. ನೋಬಡಿ ಹೆಲ್ಪ್ಡ್ ಮಿ.'