ಸೊಣ್ಣಮ್ಮ ಅಳಿಸಲು ಬಿಡದ ಟೇಪು

ಸೇಲಂನ ಆ ನೂಲಿನ ಗಿರಣಿಗೆ ಕಂಪ್ಯೂಟರ್ ಬಂದಾಗ ಅದಕ್ಕೆ ಟೇಪು ಹಾಕಿ ತೆಗೆಯುವ ಕೆಲಸ ಸೊಣ್ಣಮ್ಮನಿಗೆ ಸಿಕ್ಕಿತು. ಪೆನ್ನಾಗರಂ ಕಡೆಯ ಕನ್ನಡ ಮನೆಮಾತಿನ ಕುರಿಗಾಹಿಯ ಮಗಳು, ತಮಿಳಿನಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು, ಮಹಾ ಹಟಮಾರಿ.

ಹಟದ ಬೇರು ಇದ್ದದ್ದು ಅವಳಪ್ಪ ತಿಮ್ಮರಾಯಪ್ಪನ ಕುರಿದೊಡ್ಡಿಯಲ್ಲಿ. ಗೊಬ್ಬರಕ್ಕೆಂದು ಹೊಲಗಳಲ್ಲಿ ಮಂದೆ ಕೂಡಿಸುವವರು ಆಗಾಗ ದೊಡ್ಡಿಯ ಜಾಗ ಬದಲಿಸುತ್ತಾರೆ. ಹೊಸ ಮುಳ್ಳು ಕಡಿದು ಹೊಸ ಬೇಲಿ ಕಟ್ಟಿ, ಕುರಿಗಳೆಲ್ಲ ಒಳಗೆ ಹೋದ ಮೇಲೆ ಹಳೆಯದನ್ನು ಕೀಳುವುದು ಕ್ರಮ. ಸೊಣ್ಣಮ್ಮ ಚಿಕ್ಕವಳಿದ್ದಾಗ ಒಂದು ಸಂಜೆ ತಿಮ್ಮರಾಯಪ್ಪ ಹಳೆಯ ಬೇಲಿಯ ಮುಳ್ಳನ್ನೇ ಕಿತ್ತು ಹೊಸದಕ್ಕೆ ಹಾಕತೊಡಗಿದ. ಅರ್ಧ ಕೆಲಸವಾಗಿದ್ದಾಗ ಬಿರುಗಾಳಿ ಎದ್ದಿತು. ಹಳೆಯ ದೊಡ್ಡಿಯೂ ಇಲ್ಲ, ಹೊಸದೂ ಇಲ್ಲ. ಬೆದರಿದ ಕುರಿಗಳು ಕಾಡು ಸೇರಿದವು. ತಿರುಗಿ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಸಂಸಾರ ಸೇಲಂಗೆ ಬಂತು, ತಿಮ್ಮರಾಯಪ್ಪ ಅದೇ ಗಿರಣಿಯ ಗೇಟಿನಲ್ಲಿ ಟೆಂಪರರಿ ಕಾವಲುಗಾರನಾದ. ಕೇಳಿದವರಿಗೆಲ್ಲ "ಆ ದರಿದ್ರ ಗಾಳಿ ನಮ್ಮನೆ ಮುರೀತು" ಎನ್ನುತ್ತಿದ್ದ.

ಕೆಲಸಗಾರರ ಸರ್ವಿಸಿನ ಲೆಕ್ಕವೆಲ್ಲ ಟೇಪಿನಲ್ಲಿತ್ತು. ತಿಂಗಳಿಗೊಮ್ಮೆ ಹಳೆಯ ಟೇಪು ಓದಿಸಿ, ಹೊಸ ಹಾಜರಿ ಸೇರಿಸಿ, ಇನ್ನೊಂದು ಟೇಪಿಗೆ ಪೂರ್ತಿ ಬರೆಸಬೇಕು. ಕಂಪ್ಯೂಟರ್ ಬಂದ ಸಂಭ್ರಮದಲ್ಲಿ ಹಾಜರಿ ಪುಸ್ತಕಗಳನ್ನು ರದ್ದಿಗೆ ಹಾಕಿಬಿಟ್ಟಿದ್ದರು ಪುಣ್ಯಾತ್ಮರು. 1977ರಲ್ಲಿ, ಸರ್ವಿಸ್ ನೋಡಿ ಟೆಂಪರರಿಗಳನ್ನು ಪರ್ಮನೆಂಟ್ ಮಾಡಲು ಮ್ಯಾನೇಜ್‌ಮೆಂಟ್ ಒಪ್ಪಿತು. ಟೇಪಿನಲ್ಲಿ ಹೆಸರಿಲ್ಲದವನಿಗೆ ಸರ್ವಿಸೇ ಇಲ್ಲ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ತಿಮ್ಮರಾಯಪ್ಪನ ಹೆಸರು ಕೊನೆಯ ಕಡೆಗಿತ್ತು.

ಆ ತಿಂಗಳ ಟೇಪು ಬರೆಸಿದ ಮಧ್ಯಾಹ್ನ ಯಂತ್ರ 'ಮುಗಿಯಿತು' ಎಂದು ಅಚ್ಚು ಹಾಕಿದ್ದೇ ತಡ, ಸೂಪರ್‌ವೈಸರ್ ಚಿನ್ನಸ್ವಾಮಿ ಹಳೆಯ ಟೇಪಿಗೆ ಕೈ ಚಾಚಿದ. ಗಿರಣಿಯಲ್ಲಿ ಟೇಪುಗಳು ಕಡಿಮೆ. ಅದನ್ನಳಿಸಿ ನೂಲಿನ ಸ್ಟಾಕು ಬರೆಸುವ ಅವಸರ ಅವನಿಗೆ.

"ಮುಡಿಂಜಿರುಚ್ಚು, ಮುಗೀತು ಅಂತ ಮಿಷಿನ್ನೇ ಅಂತೈತಲ್ಲಮ್ಮಾ, ಇನ್ನೇನು?"

"ಮಿಷಿನ್ ಅಂದ್ರೆ ಅನ್ಲಿ ಸಾರ್. ಓಸದನ್ನ ತಿರುಗಿ ಓದಿಸಿ ನೋಡೋಗಂಟ ಅಳೇದನ್ನ ಕೊಡಾಕಿಲ್ಲ."

ಮುಗಿಯಿತು ಎಂದ ಮೇಲೂ ಕೊನೆಯ ಹೆಸರುಗಳು ಯಂತ್ರದ ಹೊಟ್ಟೆಯಲ್ಲೇ ಉಳಿದು, ಟೇಪಿಗೆ ಇಳಿಯದೆ ಇರಬಹುದು; ಆಗ ಕರೆಂಟು ಹೋದರೆ ಅವು ಅಳಿದಂತೆಯೇ. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಅವಸರ ಪಡುವುದು ಮನುಷ್ಯನ ಜಾಯಮಾನ. ಅವಳು ಹಳೆಯ ಟೇಪನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಅವನು ಬೈಯುತ್ತಿರುವಾಗಲೇ ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ಹೊಸ ಟೇಪು ಓದಿಸಿದರೆ ಹೆಸರುಗಳು 'ಎಸ್' ಅಕ್ಷರಕ್ಕೇ ನಿಂತುಬಿಟ್ಟವು. ಸೊಣ್ಣಮ್ಮ ಮಡಿಲಲ್ಲಿದ್ದ ಟೇಪು ಏರಿಸಿ ಮೊದಲಿನಿಂದ ಬರೆಸಿದಳು, ತಿರುಗಿ ಓದಿಸಿದಳು, ಅಪ್ಪನ ಹೆಸರು ಕಂಡ ಮೇಲೆಯೇ ಕುರ್ಚಿ ಬಿಟ್ಟೆದ್ದಳು.

ಸಂಜೆ ಗೇಟಿನಲ್ಲಿ ಅಪ್ಪನಿಗೆ ನಡೆದದ್ದೆಲ್ಲ ಹೇಳಿದಳು. ತಿಮ್ಮರಾಯಪ್ಪ ಬೀಡಿಯನ್ನು ಹಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದ.

"ಗಾಳೀದೇನೂ ತಪ್ಪಿಲ್ಲ ಕಣಮ್ಮಿ," ಎಂದ ಕಡೆಗೆ. "ಆವತ್ತು ಇನ್ನೊಂದು ಕಂತೆ ಮುಳ್ಳು ಕಡಿಯಾಕೆ ನಂಗೇ ಮೈಗಳ್ಳತನ."

"ನಂಗೊತ್ತು ಅಪ್ಪ," ಎಂದಳು ಸೊಣ್ಣಮ್ಮ. "ಅಳೇ ಬೇಲಿ ಕಿತ್ತು ಕೊಡ್ತಿದ್ದೋಳು ನಾನೇ ಅಲ್ವಾ?"