ಗೆದ್ದ ಸುದ್ದಿ, ಸೋತ ಸುದ್ದಿ

ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಅಂಬಿಕಳ ಹೆಸರೆತ್ತಿದರೆ ಈಗಲೂ ಯಾರಾದರೊಬ್ಬರು ಕೇಳುತ್ತಾರೆ: 'ಸಾವಿನ ಮನೆಗೆ ರೇಡಿಯೋದಾಗೆ ನಕ್ಕೊಂಡು ಸುದ್ದಿ ಏಳಿದೋಳಲ್ವಾ?' ಅವಳು ಅಂಥವಳಲ್ಲ. ಇದನ್ನು ಚೆನ್ನಾಗಿ ಬಲ್ಲವನು ನಾನು. ಬಲ್ಲವನೇ ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಹಾಗಾಗಿ ಊರವರ ಬಾಯನ್ನು ಬೈಯುವ ಯೋಗ್ಯತೆ ನನಗಿಲ್ಲ.

ಅಂಬಿಕ ಕುರಿ ಸಾಕುವ ಮುನಿನಾರಾಯಣಪ್ಪನ ಮಗಳು. ಬಂಗಾರಪೇಟೆಯಿಂದ ಎರಡು ಮೈಲಿ ಒಳಗೆ ಅವರ ಊರು. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದಳು, ಅಜ್ಜಿ ಅಕ್ಕಯ್ಯಮ್ಮ ಸಾಕಿದ್ದು. ಊರ ಗಂಡುಹುಡುಗರು ಕಬಡ್ಡಿ ಆಡುವಾಗ ಇವಳನ್ನು ಸೇರಿಸುತ್ತಿರಲಿಲ್ಲವಂತೆ. ಇವಳು ಕಲ್ಲುಗೋಡೆ ಹತ್ತಿ ಕೂತು, ಯಾರು ಯಾರ ಕಾಲು ಹಿಡಿದರು, ಯಾರು ಗೆರೆ ಮುಟ್ಟದೆಯೇ ಮುಟ್ಟಿದೆ ಎಂದು ಸುಳ್ಳು ಹೇಳಿದರು ಎಂಬುದನ್ನು ಇಡೀ ಊರಿಗೆ ಕೇಳುವಂತೆ ಕೂಗುತ್ತಿದ್ದಳಂತೆ. ಗಂಡುಬೀರಿ ಎಂದು ಬೈಸಿಕೊಂಡ ಆ ಗಂಟಲೇ ಅವಳನ್ನು ಕೆಜಿಎಫ್‌ನ ನಮ್ಮ ಕಾಲೇಜಿನ ರೇಡಿಯೋ ಕೋಣೆಗೆ ತಂದಿತು.

ರೇಡಿಯೋ ಎಂದರೆ ಭಾರಿ ಏನಲ್ಲ. ಹಳೆಯ ಪ್ರಯೋಗಾಲಯದ ಮೂಲೆಯಲ್ಲಿ ಒಂದು ಕೋಣೆ, ಸದ್ದು ಹೀರಲು ಗೋಡೆಗೆ ಹೊಡೆದ ಗೋಣಿಚೀಲ, ಒಂದು ಕಂಪ್ಯೂಟರ್. ಹತ್ತು ಹನ್ನೆರಡು ಕಿಲೋಮೀಟರ್ ದೂರಕ್ಕೆ ಕೇಳಿಸುತ್ತಿತ್ತು. ದಿನಾ ಸಂಜೆ ಏಳಕ್ಕೆ ಅರ್ಧ ಗಂಟೆ. ಬೇತಮಂಗಲದ ನೀರು ಗಣಿ ಕಾಲೊನಿಯ ಯಾವ ಲೈನಿಗೆ ಯಾವತ್ತು ಬರುತ್ತದೆ ಎಂಬ ಸುದ್ದಿ ನಮ್ಮ ತರಗತಿಯ ನವ್ಯಳದು. ಮಧ್ಯೆ ತಮಿಳು, ತೆಲುಗು, ಕನ್ನಡದ ಹಾಡು. ಕೊನೆಗೆ ಆಟೋಟ, ಅದು ಅಂಬಿಕಳದು. ಯಂತ್ರ ನೋಡಿಕೊಳ್ಳುವವನು ಶ್ರೀಧರ್, ಅಂದರೆ ನಾನು. ಮೇಷ್ಟ್ರುಗಳು ತಿಂಗಳಿಗೊಮ್ಮೆ ಇಣುಕಿದರೆ ಹೆಚ್ಚು.

ನಮ್ಮಲ್ಲಿ ಅರ್ಧ ಜನಕ್ಕೆ ಮಾರಿಕುಪ್ಪಂನಿಂದ ಬರುವ ಸಂಜೆಯ ರೈಲು ಹಿಡಿಯಬೇಕಿತ್ತು. ಹಾಗಾಗಿ ಏಳರ ಕಾರ್ಯಕ್ರಮವನ್ನು ಮೂರೂವರೆಗೇ ಓದಿ ರೆಕಾರ್ಡ್ ಮಾಡಿಬಿಡುತ್ತಿದ್ದೆವು. ಪಂದ್ಯ ಇನ್ನೂ ಮುಗಿಯದ ದಿನಗಳಲ್ಲಿ ಅಂಬಿಕ ಎರಡು ಸಲ ಓದುತ್ತಿದ್ದಳು: ಒಂದು ಗೆದ್ದ ಸುದ್ದಿ, ಒಂದು ಸೋತ ಸುದ್ದಿ. ಫಲಿತಾಂಶ ತಿಳಿದ ಮೇಲೆ ಸರಿಯಾದುದನ್ನು ಕಂಪ್ಯೂಟರಿನಲ್ಲಿ ಇಟ್ಟು ಹೋಗುವುದು ನನ್ನ ಕೆಲಸ. ಏಳು ಗಂಟೆಗೆ ಅದು ತಾನಾಗಿಯೇ ಮಾತಾಡಲು ಶುರುಮಾಡುತ್ತಿತ್ತು.

ಆಟದ ಸುದ್ದಿಯ ಕೊನೆಗೆ ಅಂಬಿಕ ಆಟಗಾರರ ಮನೆಯವರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದಳು. 'ಕುಪ್ಪುಸ್ವಾಮಿ ಮಾಮ, ನಿಮ್ ಮಗಳು ಓಟದಾಗೆ ಎರಡ್ನೇದು ಬಂದವ್ಳೆ, ಮನೇಗ್ ಬಂದ್ರೆ ರೇಗ್ಬ್ಯಾಡಿ.' ಇದನ್ನು ಕೇಳಲೆಂದೇ ಜನ ರೇಡಿಯೋ ಹಾಕುತ್ತಿದ್ದರು. ನಮ್ಮ ಹೆಸರು ಯಾವಾಗ ಬರುತ್ತದೋ ಎಂದು ಮುದುಕಿಯರೂ ಕಾಯುತ್ತಿದ್ದರು.

ಆ ದಿನ ನಮ್ಮ ಹುಡುಗರಿಗೆ ಕೋಲಾರದಲ್ಲಿ ಕಬಡ್ಡಿ ಫೈನಲ್. ನಾಯಕ ಗಿರಿ, ಬೇತಮಂಗಲದ ದಾರಿಯ ಹಳ್ಳಿಯವನು. ಅವನ ತಾಯಿ ಓಬಳಮ್ಮ ಎರಡು ಹಸು ಕಟ್ಟಿಕೊಂಡು, ಗಂಡನಿಲ್ಲದೆ, ಒಬ್ಬನೇ ಮಗನನ್ನು ಓದಿಸುತ್ತಿದ್ದಳು. ಅಂಬಿಕ ಎಂದಿನಂತೆ ಎರಡು ಸಲ ಓದಿದಳು. ಗೆದ್ದ ಸುದ್ದಿಯ ಕೊನೆಗೆ ನಗುತ್ತಾ ಸೇರಿಸಿದಳು: 'ಓಬಳಮ್ಮನೋರೆ, ಮಗ ಬರೋ ಒತ್ಗೆ ಉಪ್ಪು ಮೆಣಸಿನಕಾಯಿ ಎತ್ತಿಟ್ಕೊಂಡಿರಿ, ಬಾಗಿಲಾಗೇ ದೃಷ್ಟಿ ತೆಗೀರಿ. ಇವತ್ ಎಲ್ಲರ್ ಕಣ್ಣೂ ಅವನ್ಮೇಲೇನೇ!' ಆಮೇಲೆ ಚೀಲ ಹೆಗಲಿಗೇರಿಸಿ ಊರಿಗಾಂ ಸ್ಟೇಷನ್ನಿಗೆ ಓಡಿದಳು.

ಐದೂವರೆಗೆ ತಂಡದ ಬೈರೇಶನಿಂದ ಫೋನಿಗೆ ಸಂದೇಶ ಬಂತು, ಗೆದ್ದೆವು ಎಂದು. ನಾನು ಗೆದ್ದ ಸುದ್ದಿಯನ್ನು ಇಟ್ಟು, ಕೋಣೆಗೆ ಬೀಗ ಹಾಕಿ, ಚಹಾ ಕುಡಿಯಲು ಹೋದೆ. ಆರೂವರೆ ದಾಟಿದಾಗ ಬೈರೇಶನೇ ಫೋನ್ ಮಾಡಿದ. ಕೊನೆಯ ಹಿಡಿತದಲ್ಲಿ ಗಿರಿ ಕತ್ತಿನ ಮೇಲೆ ಬಿದ್ದಿದ್ದನಂತೆ. ಎದ್ದು ನೀರು ಕುಡಿದು, ಎಲ್ಲರ ಜೊತೆ ಫೋಟೋಕ್ಕೂ ನಿಂತು, ವ್ಯಾನ್ ಹತ್ತುವಾಗ ಕುಸಿದನಂತೆ. 'ಓಗ್ಬುಟ್ಟ ಕಣ್ಲಾ, ಆಸ್ಪತ್ರೆ ಬಾಗ್ಲಾಗೇ ಓಗ್ಬುಟ್ಟ' ಎಂದು ಅಳುತ್ತಿದ್ದ. ತಾಯಿಗೆ ಫೋನಿನಲ್ಲಿ ಹೇಳುವುದು ಬೇಡ, ಕಸರತ್ತು ಮೇಷ್ಟ್ರು ರಾಮಚಂದ್ರಪ್ಪನವರು ತಾವೇ ಮನೆಗೆ ಹೋಗಿ ಹೇಳುತ್ತಾರೆ ಎಂದ.

ನಾನು ಕೈಗೆ ಸಿಕ್ಕ ಬೈಕ್ ಹತ್ತಿ ಕೋಲಾರದ ಕಡೆ ಹೊರಟೆ. ಬೀಗದ ಕೀ ನನ್ನ ಜೇಬಿನಲ್ಲೇ ಇತ್ತು. ಕಾಲೇಜು ಐದು ನಿಮಿಷದ ದಾರಿ. ರೇಡಿಯೋ ಮಾತಾಡುತ್ತದೆ ಎಂಬುದು ನನಗೆ ನೆನಪಾಗಲಿಲ್ಲ. ದುಃಖದಲ್ಲಿ ಮರೆತೆ ಎಂದರೆ ನೀವು ಕ್ಷಮಿಸಬಹುದು. ಮುಂದಿನದನ್ನು ಕೇಳಿ ಆಮೇಲೆ ಕ್ಷಮಿಸಿ.

ಏಳೂ ಮುಕ್ಕಾಲಿಗೆ ಅಂಬಿಕಳ ಫೋನು. ಅವಳಿಗೆ ಸಾವಿನ ಸುದ್ದಿ ಆಗಷ್ಟೇ ತಲುಪಿತ್ತು. ಅವಳ ಊರಿಗೆ ನಮ್ಮ ರೇಡಿಯೋ ಕೇಳಿಸುತ್ತಿರಲಿಲ್ಲ.

'ಲೋ ಶ್ರೀಧರ, ನಿಲ್ಲಿಸ್ದೆ ತಾನೆ? ಅದು ಓಗ್ಲಿಲ್ಲ ತಾನೆ?'

ನನ್ನ ಕೈ ಜೇಬಿನಲ್ಲಿದ್ದ ಕೀಯನ್ನು ಮುಟ್ಟಿತು.

'ಏಳೋ. ಓಗ್ಲಿಲ್ಲ ಅಂತ ಏಳೋ.'

ನಾನು ಫೋನ್ ಕಟ್ ಮಾಡಿದೆ.

ಮೇಷ್ಟ್ರು ಹೋದಾಗ ಓಬಳಮ್ಮ ಹೊಸಿಲ ಮೇಲೆ ನಿಂತಿದ್ದಳಂತೆ. ಬಲಗೈ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. 'ಎಲ್ಲಿ ಸಾರ್ ಅವ್ನು? ಇಳ್ಸಿ, ಒಳಕ್ ಬರೋಕ್ ಮುಂಚೆ ತೆಗೀಬೇಕು' ಎಂದಳಂತೆ. ಮೇಷ್ಟ್ರು ವಿಷಯ ಹೇಳಿದ ಮೇಲೂ ಆ ಮುಷ್ಟಿ ಬಿಡಿಸಲು ಇಬ್ಬರು ಹೆಂಗಸರು ಬೇಕಾಯಿತಂತೆ.

ಯಾರೋ ಆ ನಗುವಿನ ಮಾತನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಎರಡೇ ದಿನದಲ್ಲಿ ಅದು ತಾಲ್ಲೂಕೆಲ್ಲ ಸುತ್ತಿತು. ಧ್ವನಿ ಅಂಬಿಕಳದು, ಆದ್ದರಿಂದ ಪಾಪವೂ ಅವಳದೇ ಎಂದು ಜನ ತೀರ್ಮಾನಿಸಿದರು. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿ, ಹೇಗಾಯಿತು ಎಂದು ಕೇಳಿದರು. 'ಅವಳು ಓದಿಕೊಟ್ಟಿದ್ದನ್ನೇ ಹಾಕಿದ್ದು ಸಾರ್' ಎಂದೆ. ಒಂದಕ್ಷರವೂ ಸುಳ್ಳಿಲ್ಲದ ಮಾತು. ಅದಕ್ಕಿಂತ ಹೊಲಸು ಮಾತನ್ನು ನಾನು ಇದುವರೆಗೆ ಆಡಿಲ್ಲ. ಅಂಬಿಕ ಒಮ್ಮೆ ನನ್ನ ಮುಖ ನೋಡಿದಳು. 'ಬರ್ದೋಳು ನಾನೇ ಸಾರ್, ನಕ್ಕೋಳೂ ನಾನೇ' ಎಂದಳು. ಮಾರನೆಯ ದಿನದಿಂದ ಅವಳು ಕಾಲೇಜಿಗೆ ಬರಲಿಲ್ಲ. ನಾನು ಪದವಿ ಮುಗಿಸಿ, ಬಂಗಾರಪೇಟೆಯಲ್ಲಿ ಕರೆಂಟು ಸಾಮಾನು ರಿಪೇರಿ ಹಿಡಿದೆ.

ಹೋದ ತಿಂಗಳು ಒಂದು ಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ಅವಳ ಊರೆಂದು ಗೊತ್ತಿದ್ದೇ ಹೋದೆ, ಆದರೆ ಅವಳೇ ಅಲ್ಲಿ ಕೆಲಸಕ್ಕಿರುವುದು ಗೊತ್ತಿರಲಿಲ್ಲ. ಹಾಲು ಅಳೆಯುತ್ತಿದ್ದಳು. ಅಳತೆಯನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಸಾಲಿನಲ್ಲಿದ್ದ ಮುದುಕ ಕೊಂಡಪ್ಪ ನನ್ನ ಕಿವಿಯಲ್ಲಿ ಹೇಳಿದ: 'ಮೂಗಿ ಅಲ್ಲ ಕಣಪ್ಪ. ಮಾತಾಡಲ್ಲ, ಅಷ್ಟೇಯ.' ಅಂಬಿಕ ನನ್ನನ್ನು ಕಂಡಳು. ಪ್ಲಗ್ ಇರುವ ಕಡೆ ಬೆರಳು ತೋರಿಸಿ, ಮುಂದಿನವರ ಹಾಲಿಗೆ ಕೈಚಾಚಿದಳು. ಅವಳ ಮುಖದಲ್ಲಿ ಕೋಪವಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರನೆಯ ಬೆಳಿಗ್ಗೆ ಓಬಳಮ್ಮನ ಮನೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ: ಎರಡು ರೆಕಾರ್ಡಿಂಗು, ಜೇಬಿನಲ್ಲಿದ್ದ ಕೀ, ಪ್ರಿನ್ಸಿಪಾಲರ ಮುಂದೆ ಆಡಿದ ಮಾತು. ಅವಳು ಹಸುವಿನ ಹಗ್ಗ ಹಿಡಿದು ಕೇಳಿಸಿಕೊಂಡಳು.

'ಆ ಉಡುಗಿ ಹನ್ನೊಂದ್ನೇ ದಿನ ಇಲ್ಲೀಗ್ ಬಂದಿದ್ಲು' ಎಂದಳು. 'ತಪ್ಪು ನಂದೇ ಅಮ್ಮ ಅಂತ ಕಾಲಿಡ್ಕೊಂಡ್ಲು. ನೆಂಟರೆಲ್ಲಾ ಇದ್ರು. ಅವ್ರ ಮುಂದೇನೇ ಕೆನ್ನೆಗೆ ಒಡೆದೆ ಕಣ್ಲಾ. ಕೈ ಸೋಲೋಗಂಟ ಒಡೆದೆ. ನಿನ್ ಎಸ್ರು ಎತ್ತಲೇ ಇಲ್ಲ ಅವ್ಳು.'

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿದಳು.

'ಸಾಯಂಕಾಲ ಬಾ. ಅವಳೂರ್‌ಗೆ ಕರ್ಕೊಂಡೋಗು.'

ಸಂಜೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಡೈರಿಯ ಮುಂದೆ ಸಂಜೆ ಹಾಲಿನ ಸಾಲು ನಿಂತಿತ್ತು. ಓಬಳಮ್ಮನನ್ನು ಕಂಡದ್ದೇ ಅಂಬಿಕ ಅಳತೆಯ ಪಾತ್ರೆ ಕೆಳಗಿಟ್ಟಳು. ಕೈ ಒರೆಸಿಕೊಂಡು ಹೊರಗೆ ಬಂದು ಅವಳ ಮುಂದೆ ನಿಂತಳು. ಕೆನ್ನೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ, ಕೈಗಳನ್ನು ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡಳು.

'ಕಣ್ ಬಿಡವ್ವ' ಎಂದಳು ಓಬಳಮ್ಮ.

ಅಂಬಿಕ ಕಣ್ಣು ಬಿಡಲಿಲ್ಲ. ಎರಡು ವರ್ಷದ ಮೇಲೆ ನಾನು ಅವಳ ಧ್ವನಿ ಕೇಳಿದೆ.

'ಬಿರ್ನೆ ಒಡೆದ್ಬುಡಿ ಅಮ್ಮ. ಆಲು ತಂದೋರು ಕಾಯ್ತಾವ್ರೆ.'