ವಕೀಲರಿಗೊಂದು ಗುಡಿಸಲು

ರೋಣದ ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ವರ್ಷವೇ ನಾನು ಜೀವನಚರಿತ್ರೆಕಾರನಾದೆ. ನೆರೆಯವನೊಡನೆ ನನಗಿದ್ದ ಗೋಡೆಯ ವ್ಯಾಜ್ಯ ಗೆದ್ದುಕೊಟ್ಟ ವಕೀಲರು ವಿಧಾನಸಭೆಗೆ ನಿಲ್ಲುವ ಮನಸ್ಸು ಮಾಡಿದ್ದರು. ಟಿಕೆಟ್ ಕೇಳುವ ಮೊದಲು ಅವರ ಬದುಕು ಪುಸ್ತಕವಾಗಬೇಕಿತ್ತು. ಒಲ್ಲೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಮಾದರಿಗೆಂದು ಅವರೊಂದು ಹಳೆಯ ಪುಸ್ತಕ ಕೊಟ್ಟರು. ಅಮೆರಿಕ ಇನ್ನೂ ಹೊಸ ದೇಶವಾಗಿದ್ದಾಗಿನ ಒಬ್ಬ ವಕೀಲನ ಕಥೆ ಅದು. ಆತ ಮರದ ಗುಡಿಸಲಿನಲ್ಲಿ ಹುಟ್ಟಿ, ಕುದುರೆಯೇರಿ ಊರೂರಿನ ಕೋರ್ಟು ತಿರುಗಿ, ತನ್ನ ರಾಜ್ಯದ ಶಾಸನಸಭೆ ಸೇರಿದ್ದ.

"ನಮ್ದೂ ಹಿಂಗ ಬರಬೇಕ್ರಿ ಸರ," ಎಂದರು.

"ನೀವು ಹುಟ್ಟಿದ್ದು ಅಬ್ಬಿಗೇರಿಯ ದೊಡ್ಡ ವಾಡೇದಾಗ ಅಲ್ರಿ?"

"ವಾಡೇದ ಹಿಂದ ದನದ ಕೊಟ್ಟಿಗಿ ಇತ್ತಲ್ರಿ. ಅಲ್ಲೇ ಹುಟ್ಟಸ್ರಿ."

ಹುಟ್ಟಿಸಿದೆ. ಕುದುರೆಯ ಬದಲು ಸೈಕಲ್ ಕೊಟ್ಟೆ. ಜೈಲಿನದೂ ಒಂದು ಅಧ್ಯಾಯ ಬೇಕೆಂದರು.

"ಜೈಲಿಗೆ ಹೋಗಿದ್ರೇನ್ರಿ?"

"ಭಾಳ ಸಲ. ಕಕ್ಷಿದಾರರನ್ನ ನೋಡಾಕ."

'ಸೆರೆಮನೆಯ ಬಾಗಿಲು ಅವರಿಗೆ ಹೊಸದಲ್ಲ' ಎಂದು ಬರೆದೆ. ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಪುಸ್ತಕ ಬಿಡುಗಡೆಯ ದಿನ ಸಭಾಭವನ ತುಂಬಿತ್ತು. ವಕೀಲರ ವಯಸ್ಸಾದ ತಾಯಿಯನ್ನು ವೇದಿಕೆಯ ಮೇಲೆ ಕೂರಿಸಿದ್ದರು. ನಾನು ಮೊದಲ ಪುಟ ಓದಿದೆ. ಕೊಟ್ಟಿಗೆಯ ಮಾತು ಬಂದಾಗ ಜನ ಮರುಗಿದರು. ಆ ತಾಯಿ ಮೈಕಿಗೆ ಕೈ ಚಾಚಿದರು.

"ಮಾಸ್ತರ, ನಿಮಗ ಯಾರ ಹೇಳಿದ್ರಿ ಇದನ್ನ? ಇಂವ ಹುಟ್ಟಿದ್ದು ಗದಗಿನ ದವಾಖಾನ್ಯಾಗ. ಇವರಪ್ಪ ಮೋಟಾರ ಮಾಡಿ ನನ್ನ ಕರಕೊಂಡು ಹೋಗಿದ್ರು. ಗುಡಿಸಲದಾಗ ಹುಟ್ಟಿದಾಕಿ ನಾನು, ಸವಡಿ ಊರಾಗ. ಮಳಿ ಬಂದ್ರ ನಮ್ಮವ್ವ ನನ್ನ ಬುಟ್ಯಾಗ ಹಾಕಿ ಈ ಮೂಲಿಯಿಂದ ಆ ಮೂಲಿಗೆ ಸರಸ್ತಿದ್ಲು. ಅದರಾಗ ಏನ ದೊಡ್ಡಸ್ತನ ಐತ್ರಿ?"

ದವಾಖಾನೆಯ ಮಾತಿಗೆ ನಕ್ಕ ಸಭೆ ಬುಟ್ಟಿಯ ಮಾತಿಗೆ ತಲೆ ತಗ್ಗಿಸಿತು. ನಾನು ಪುಸ್ತಕ ಮುಚ್ಚಿದೆ. ವಕೀಲರು ಮಾತ್ರ ನನ್ನತ್ತ ಬಾಗಿ ಪಿಸುಗುಟ್ಟಿದರು: "ಎರಡನೇ ಮುದ್ರಣದಾಗ ಇದನ್ನೂ ಸೇರಸ್ರಿ. ಭಾಳ ಚಲೋ ಐತಿ."

ಎರಡನೇ ಮುದ್ರಣ ಬರಲಿಲ್ಲ. ಟಿಕೆಟ್ ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರಿಗೆ ಹೋಯಿತು. ಮೂರು ದಿನ ವಕೀಲರು ಯಾರಿಗೂ ಮುಖ ತೋರಿಸಲಿಲ್ಲ. ನಾಲ್ಕನೆಯ ದಿನ ಅದೇ ವ್ಯಾಪಾರಿಯ ಪರವಾಗಿ ಇಟಗಿಯಲ್ಲಿ ಭಾಷಣಕ್ಕೆ ನಿಂತರು.

"ನೇಕಾರರ ಸಂಕಟಾನ ಇವರಷ್ಟು ಹತ್ರದಿಂದ ಕಂಡವರು ಬ್ಯಾರೆ ಯಾರದಾರ?" ಎಂದು ಕೇಳಿದರು.

ಖರೇ ಮಾತು. ನೇಯ್ದ ಸೀರೆಯ ಬೆಲೆ ಇಳಿಸಲು ಆ ವ್ಯಾಪಾರಿ ಮಗ್ಗದ ಪಕ್ಕದಲ್ಲೇ ಕೂರುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಭಾಷಣ ಬರೆದುಕೊಟ್ಟವನು ನಾನೇ.